ಆರೋಗ್ಯದ ದುಡ್ಡಿಗೆ ಕಾವಲು ಯಾರು? ಸದನದ ಸಮಿತಿಗಳು, ಖಾಲಿ ಬಿದ್ದ ಜಿಲ್ಲಾ ಪಂಚಾಯಿತಿ, ನಮ್ಮೂರಿನ ಜಮಾಬಂದಿ

ತುಂಗಾತೀರ
31 ಆಗಸ್ಟ್ 2025

ಮನೆ ಕಂದಾಯ ಕಟ್ಟಿದ ರಸೀದಿಯನ್ನು ಒಮ್ಮೆ ಬಿಡಿಸಿ ನೋಡಿ. ಕಂದಾಯದ ಕೆಳಗೆ ಗ್ರಂಥಾಲಯ ಕರ, ಭಿಕ್ಷುಕರ ಕರ, ಆರೋಗ್ಯ ಕರ ಎಂಬ ಸಾಲುಗಳಿರುತ್ತವೆ. ಆರೋಗ್ಯ ಕರ ಶೇ 15. ಸಾವಿರ ರೂಪಾಯಿ ಕಂದಾಯವಿದ್ದರೆ ಅದರ ಮೇಲೆ 150 ರೂಪಾಯಿಯನ್ನು ಆರೋಗ್ಯದ ಹೆಸರು ಹೇಳಿಯೇ ನಮ್ಮಿಂದ ಪಡೆಯುತ್ತಾರೆ. 1962ರ ಕಾಯ್ದೆಯಿಂದ ಬಂದ ಕರ ಇದು. ವಸೂಲಿ ಮಾಡುವುದು ಪಂಚಾಯಿತಿ ಅಥವಾ ಪುರಸಭೆ, ಸೇರಬೇಕಾದದ್ದು ರಾಜ್ಯದ ಖಜಾನೆಗೆ.

ನಮ್ಮ ಗ್ರಾಮ ಪಂಚಾಯಿತಿಯ ಜಮಾಬಂದಿ, ಅಂದರೆ ಪಂಚಾಯಿತಿಯ ಲೆಕ್ಕ, ಕಾಮಗಾರಿಗಳನ್ನು ಊರಿನವರ ಎದುರಿಗೆ ಪರಿಶೀಲಿಸುವ ವಾರ್ಷಿಕ ಸಭೆ, ಹತ್ತಿರ ಬಂದಿದೆ. ಈ ಸಲ ರಸ್ತೆ, ಚರಂಡಿ, ಬೀದಿ ದೀಪಗಳ ಜೊತೆಗೆ ಆರೋಗ್ಯದ ದುಡ್ಡಿನ ಲೆಕ್ಕವನ್ನೂ ಕೇಳಬೇಕೆಂದು ನಾವು ಕೆಲವರು ಕುಳಿತೆವು. ಯಾವ ದುಡ್ಡಿನ ಲೆಕ್ಕವನ್ನು ಯಾರ ಬಳಿ ಕೇಳಬೇಕೆಂಬುದೇ ನಮಗೆ ಬಗೆಹರಿಯಲಿಲ್ಲ. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬರುವ ಹಣದ ದಾರಿಗಳೇ ಹಲವು. ವೈದ್ಯರ, ನರ್ಸುಗಳ ಸಂಬಳ ಜಿಲ್ಲಾ ಪಂಚಾಯಿತಿಯ ಲೆಕ್ಕಶೀರ್ಷಿಕೆಯಲ್ಲಿ ಬರುತ್ತದೆ. ಔಷಧವನ್ನು ರಾಜ್ಯದ ವೈದ್ಯಕೀಯ ಸರಬರಾಜು ನಿಗಮ ಕಳುಹಿಸುತ್ತದೆ. ಕೇಂದ್ರದ ಆರೋಗ್ಯ ರಕ್ಷಾ ಸಮಿತಿಯ ಖಾತೆಗೆ ರಾಷ್ಟ್ರೀಯ ಆರೋಗ್ಯ ಅಭಿಯಾನದಿಂದ ಮುಕ್ತ ನಿಧಿ, ಅಂದರೆ ಸ್ಥಳೀಯ ಅಗತ್ಯ ನೋಡಿ ಖರ್ಚು ಮಾಡಬಹುದಾದ ಹಣ, ಬರುತ್ತದೆ. ಇದರ ಮೇಲೆ 15ನೇ ಹಣಕಾಸು ಆಯೋಗದ ಆರೋಗ್ಯ ಅನುದಾನವಿದೆ.

ಈ ಕೊನೆಯದ್ದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ನನ್ನ ಪ್ರಶ್ನೆ ಹುಟ್ಟಿದ್ದು ಅಲ್ಲಿಂದ. 2021ರಿಂದ 2026ರವರೆಗಿನ ಐದು ವರ್ಷಕ್ಕೆ ಆಯೋಗವು ದೇಶದ ಸ್ಥಳೀಯ ಸಂಸ್ಥೆಗಳಿಗೆ ಶಿಫಾರಸು ಮಾಡಿದ ಒಟ್ಟು ಮೊತ್ತ 4,36,361 ಕೋಟಿ ರೂಪಾಯಿ. ಅದರಲ್ಲಿ 70,051 ಕೋಟಿಯನ್ನು ಆರೋಗ್ಯಕ್ಕೆಂದೇ ಎತ್ತಿಟ್ಟಿತು: ಉಪಕೇಂದ್ರ ಮತ್ತು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ರಕ್ತ, ಮೂತ್ರ ಪರೀಕ್ಷೆಯ ಸೌಲಭ್ಯ, ಕಟ್ಟಡವಿಲ್ಲದ ಕೇಂದ್ರಗಳಿಗೆ ಕಟ್ಟಡ, ತಾಲ್ಲೂಕು ಮಟ್ಟದ ಸಾರ್ವಜನಿಕ ಆರೋಗ್ಯ ಘಟಕ, ನಗರಗಳಲ್ಲಿ ಕ್ಷೇಮ ಕೇಂದ್ರಗಳು. ಹಣವನ್ನು ಕೊಟ್ಟದ್ದು ಸ್ಥಳೀಯ ಸರ್ಕಾರಗಳ ಹೆಸರಿನಲ್ಲಿ. ಕೋವಿಡ್ ಕಲಿಸಿದ ಪಾಠದಿಂದ ಊರಿನ ಆರೋಗ್ಯದ ಹೊಣೆ ಊರಿನ ಸರ್ಕಾರಕ್ಕೆ ಬರಲಿ ಎಂಬುದು ಅದರ ಆಶಯ. ಆದರೆ ನಮ್ಮ ಪಂಚಾಯಿತಿಯ ಯಾವ ಸಭೆಯ ನಡವಳಿಯಲ್ಲೂ ಈ ಅನುದಾನದ ಹೆಸರು ನನಗೆ ಕಾಣಲಿಲ್ಲ. ತಾಲ್ಲೂಕು ಪಂಚಾಯಿತಿಯಲ್ಲಿ, ಜಿಲ್ಲಾ ಪಂಚಾಯಿತಿಯಲ್ಲಿ ಕೇಳೋಣವೆಂದರೆ ಅಲ್ಲಿ 2021ರಿಂದ ಚುನಾಯಿತ ಸದಸ್ಯರೇ ಇಲ್ಲ.

ಶಾಸಕರ ಕಚೇರಿಯಲ್ಲಿ ವಿಚಾರಿಸಿದಾಗ ಸಿಕ್ಕ ಉತ್ತರ, 'ಅದನ್ನೆಲ್ಲ ಸದನದ ಸಮಿತಿ ನೋಡಿಕೊಳ್ಳುತ್ತದೆ.' ಯಾವ ಸಮಿತಿ? ಎಷ್ಟು ವರ್ಷದ ಮೇಲೆ? ಸಮಿತಿ ನೋಡುವ ಹೊತ್ತಿಗೆ ನಮ್ಮ ಕೇಂದ್ರದ ಪ್ರಯೋಗಾಲಯದಲ್ಲಿ ಏನು ಉಳಿದಿರುತ್ತದೆ? ಇಲ್ಲಿ ಆಡಿಟ್ ಬಲ್ಲವರು, ಪಂಚಾಯಿತಿಯಲ್ಲಿ ಇದ್ದವರು, ಕಾನೂನು ತಿಳಿದವರು ಇದ್ದೀರಿ. ದಯವಿಟ್ಟು ಬಿಡಿಸಿ ಹೇಳಿ.

ಹಳೇ ಲೆಕ್ಕಿಗ
31 ಆಗಸ್ಟ್ 2025

ತುಂಗಾತೀರ ಅವರೇ, ಸ್ಥಳೀಯ ಲೆಕ್ಕಪರಿಶೋಧನೆಯಲ್ಲಿ ಸೇವೆ ಮಾಡಿ ನಿವೃತ್ತನಾದವನು ನಾನು. ಬಲ್ಲಷ್ಟನ್ನು ಹೇಳುತ್ತೇನೆ.

ಗ್ರಾಮ ಪಂಚಾಯಿತಿಯ ಲೆಕ್ಕ ತಪಾಸಣೆ ಮಾಡುವುದು ರಾಜ್ಯ ಲೆಕ್ಕಪರಿಶೋಧನೆ ಮತ್ತು ಲೆಕ್ಕಪತ್ರ ಇಲಾಖೆ. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳದ್ದು ಮಹಾಲೇಖಪಾಲರ, ಅಂದರೆ ಸರ್ಕಾರಗಳ ಲೆಕ್ಕ ತಪಾಸಣೆ ಮಾಡುವ ಸಾಂವಿಧಾನಿಕ ಸಂಸ್ಥೆಯಾದ ಸಿಎಜಿಯ ಕೆಲಸ. ನಾವು ಪಂಚಾಯಿತಿಗೆ ಹೋದರೆ ಮೊದಲು ನಗದು ಪುಸ್ತಕ, ಬ್ಯಾಂಕ್ ಪಾಸ್ ಪುಸ್ತಕ, ವೋಚರ್, ಕಾಮಗಾರಿ ಕಡತ, ದಾಸ್ತಾನು ವಹಿ ಕೇಳುತ್ತೇವೆ. ತಪ್ಪು ಕಂಡರೆ ಎರಡು ಬಗೆ. ದಾಖಲೆ ಸಾಲದು ಎನಿಸಿದರೆ ಮೊತ್ತವನ್ನು ಆಕ್ಷೇಪಣೆಯಲ್ಲಿ ಇಡುತ್ತೇವೆ, ನಷ್ಟವೇ ಆಗಿದೆ ಎಂದರೆ ವಸೂಲಾತಿಗೆ ಇಡುತ್ತೇವೆ. ಪಂಚಾಯಿತಿ ಅದಕ್ಕೆ ಉತ್ತರವಾಗಿ ಅನುಪಾಲನಾ ವರದಿ ಕಳುಹಿಸಬೇಕು. ಅದು ಒಪ್ಪಿಗೆಯಾದರೆ ಕಂಡಿಕೆ, ಅಂದರೆ ವರದಿಯಲ್ಲಿ ಬರೆದ ಆ ಆಕ್ಷೇಪಣೆ, ಮುಕ್ತಾಯ.

ಕಾಗದದ ಮೇಲೆ ಇಷ್ಟು ಅಚ್ಚುಕಟ್ಟು. ನಡೆಯುವುದು ಬೇರೆ. ಆಕ್ಷೇಪಣೆ ಬರೆದ ವರ್ಷ ಇದ್ದ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅನುಪಾಲನೆ ಕೇಳುವ ವರ್ಷಕ್ಕೆ ಬೇರೆ ತಾಲ್ಲೂಕಿಗೆ ಹೋಗಿರುತ್ತಾರೆ. ಹೊಸಬರು, 'ನನ್ನ ಅವಧಿಯದ್ದಲ್ಲ, ದಾಖಲೆ ಹಸ್ತಾಂತರವಾಗಿಲ್ಲ' ಎಂದು ಬರೆಯುತ್ತಾರೆ. ಅಧ್ಯಕ್ಷರು ಬದಲಾಗಿರುತ್ತಾರೆ. ಕಂಡಿಕೆ ವರ್ಷದಿಂದ ವರ್ಷಕ್ಕೆ ಹಿಂದಿನ ಬಾಕಿಯ ಪಟ್ಟಿಯಲ್ಲಿ ಕುಳಿತುಕೊಳ್ಳುತ್ತದೆ. ನಾನು ಸೇವೆಗೆ ಸೇರುವ ಮೊದಲೇ ಬರೆದಿದ್ದ ಕಂಡಿಕೆಗಳನ್ನು ನಿವೃತ್ತಿಯ ಹೊತ್ತಿಗೂ ಬಾಕಿ ಪಟ್ಟಿಯಲ್ಲಿ ನೋಡಿದ್ದೇನೆ.

ಆರೋಗ್ಯ ಕರದ ಬಗ್ಗೆ ಕೇಳಿದಿರಿ. ವಸೂಲಿ ಮಾಡಿದ ನಗರ ಸಂಸ್ಥೆ ಶೇ 10ರಷ್ಟನ್ನು ವಸೂಲಿ ವೆಚ್ಚವೆಂದು ಇಟ್ಟುಕೊಂಡು ಉಳಿದದ್ದನ್ನು ಸರ್ಕಾರಕ್ಕೆ ಜಮೆ ಮಾಡಬೇಕು. ಅನೇಕ ಕಡೆ ಜಮೆಯೇ ಆಗುವುದಿಲ್ಲ. ಸ್ಥಳೀಯ ಸಂಸ್ಥೆಗಳ ಮೇಲಿನ ಸಿಎಜಿ ವರದಿಗಳಲ್ಲಿ 'ವಸೂಲಿಯಾದ ಕರವನ್ನು ಪಾವತಿಸಿಲ್ಲ' ಎಂಬ ಮಾತು ಮತ್ತೆ ಮತ್ತೆ ಬಂದಿದೆ. ಪೌರಕಾರ್ಮಿಕರ ಸಂಬಳ, ವಿದ್ಯುತ್ ಬಿಲ್, ನೀರಿನ ಪಂಪಿನ ದುರಸ್ತಿ ಎದುರಿಗೆ ನಿಂತಾಗ ಆ ಹಣ ಅಲ್ಲಿಗೆ ಹರಿಯುತ್ತದೆ. ಮುಖ್ಯಾಧಿಕಾರಿಯನ್ನು ಮಾತ್ರ ದೂರಿ ಪ್ರಯೋಜನವಿಲ್ಲ, ಅವರ ಸ್ವಂತ ಆದಾಯವೇ ಸಾಲದು. ಇನ್ನು ಜಮೆಯಾದ ಹಣ ಸಂಚಿತ ನಿಧಿಗೆ ಸೇರಿದ ಮೇಲೆ ನಿಮ್ಮ ರಸೀದಿಯ 150 ರೂಪಾಯಿ ಯಾವ ಆಸ್ಪತ್ರೆಗೆ ಹೋಯಿತೆಂದು ಯಾವ ಲೆಕ್ಕಿಗನೂ ಹೇಳಲಾರ.

ಇದನ್ನೆಲ್ಲ ಶಾಸಕಾಂಗ ನೋಡುವುದು ಹೇಗೆ? ಸಿಎಜಿ ವರದಿ ಸಂವಿಧಾನದ 151ನೇ ವಿಧಿಯಂತೆ ರಾಜ್ಯಪಾಲರ ಮೂಲಕ ಸದನಕ್ಕೆ ಬರುತ್ತದೆ. ನಂತರ ಸಾರ್ವಜನಿಕ ಲೆಕ್ಕಪತ್ರಗಳ ಸಮಿತಿ ಇಲಾಖೆಯ ಕಾರ್ಯದರ್ಶಿಯನ್ನು ಕರೆಸಿ ಕೇಳುತ್ತದೆ. ಸ್ಥಳೀಯ ಸಂಸ್ಥೆಗಳಿಗೆ ಮತ್ತು ಪಂಚಾಯತ್ ರಾಜ್ ಸಂಸ್ಥೆಗಳಿಗೆ ಪ್ರತ್ಯೇಕ ಸಮಿತಿಯಿದೆ. ಆದರೆ ಅವಧಿ ನೋಡಿ. 2016-17ರಿಂದ 2021-22ರವರೆಗಿನ ಸಾರ್ವಜನಿಕ ಆರೋಗ್ಯ ವ್ಯವಸ್ಥೆಯನ್ನು ಸಿಎಜಿ ಹಲವು ರಾಜ್ಯಗಳಲ್ಲಿ ಪರಿಶೀಲಿಸಿತು, ನಮ್ಮ ರಾಜ್ಯದ ವರದಿ ಸದನಕ್ಕೆ ಬಂದದ್ದು 2024ರಲ್ಲಿ. ಆ ಅವಧಿಯ ಮೊದಲ ವರ್ಷದಲ್ಲಿ ಅವಧಿ ಮೀರಿದ ಔಷಧವನ್ನು ಗೋದಾಮಿನಲ್ಲಿ ಬಿಟ್ಟವರು ಅಷ್ಟು ಹೊತ್ತಿಗೆ ಪಿಂಚಣಿ ಪಡೆಯುತ್ತಿರಬಹುದು. ವರದಿ ಬೇಡವೆಂದು ನಾನು ಹೇಳುತ್ತಿಲ್ಲ. ಅದು ಇಲ್ಲದಿದ್ದರೆ ನಮಗೆ ಏನೂ ತಿಳಿಯುತ್ತಲೇ ಇರಲಿಲ್ಲ. ಆದರೆ ಅದು ನಡೆದುಹೋದದ್ದರ ಲೆಕ್ಕ. ನಡೆಯುತ್ತಿರುವಾಗ ಕೈ ಹಿಡಿಯಬೇಕಾದವರು ಜಿಲ್ಲೆಯಲ್ಲಿ ಇರಬೇಕು.

ಬಯಲುಸೀಮೆ
1 ಸೆಪ್ಟೆಂಬರ್ 2025

ಜಿಲ್ಲೆಯಲ್ಲಿ ಇರಬೇಕಾದವರು ಎಂದರೆ ಜಿಲ್ಲಾ ಪಂಚಾಯಿತಿ ಸದಸ್ಯರೇ? ನಮ್ಮ ಜಿಲ್ಲೆಯಲ್ಲಿ ಅವರು ಇದ್ದಾಗ ಕಂಡದ್ದನ್ನು ಮರೆಯಲಾಗುವುದಿಲ್ಲ. ವರ್ಗಾವಣೆಗೆ ಶಿಫಾರಸು, ಗುತ್ತಿಗೆಯಲ್ಲಿ ಪಾಲು, ಸಭೆಯಲ್ಲಿ ಅಧ್ಯಕ್ಷರ ವಿರುದ್ಧ ಅವಿಶ್ವಾಸದ ಗಲಾಟೆ. ಕೋರಂ ಇಲ್ಲದೆ ಮುಂದೂಡಿದ ಸಭೆಗಳೇ ಹೆಚ್ಚು. ಈಗ ಸದಸ್ಯರ ಬದಲು ಸರ್ಕಾರ ನೇಮಿಸಿದ ಆಡಳಿತಾಧಿಕಾರಿ ಇದ್ದಾರೆ, ಸಿಇಒ (ಮುಖ್ಯ ಕಾರ್ಯನಿರ್ವಹಣಾಧಿಕಾರಿ) ಇದ್ದಾರೆ, ಹಣ ಆನ್‌ಲೈನ್‌ನಲ್ಲಿ ನೇರವಾಗಿ ಗುತ್ತಿಗೆದಾರನ ಖಾತೆಗೆ ಹೋಗುತ್ತದೆ, ಪಂಚಾಯಿತಿಗಳ ಪಂಚತಂತ್ರ ತಂತ್ರಾಂಶದಲ್ಲಿ ದಾಖಲಾಗುತ್ತದೆ. ಇನ್ನೊಂದು ಹಂತದ ರಾಜಕಾರಣಿಗಳು ಸೇರಿಕೊಂಡರೆ ಆರೋಗ್ಯ ಕೇಂದ್ರಕ್ಕೆ ಏನು ಲಾಭ? ಸದನದ ಸಮಿತಿಗಳನ್ನು ಬಲಪಡಿಸಿ, ಆಡಿಟ್ ಬೇಗ ಮುಗಿಸಿ. ಸಾಕು.

ಮಾಜಿ ಸದಸ್ಯೆ
1 ಸೆಪ್ಟೆಂಬರ್ 2025

ಬಯಲುಸೀಮೆಯವರೇ, ನೀವು ಹೇಳಿದ್ದೆಲ್ಲವೂ ನಡೆದದ್ದೇ, ನಾನೇ ನೋಡಿದ್ದೇನೆ. ಹಾಗೆಂದು ಅದರಾಚೆಗೆ ಏನೂ ನಡೆಯಲಿಲ್ಲ ಎಂದರೆ ಅನ್ಯಾಯವಾಗುತ್ತದೆ. 2016ರಲ್ಲಿ ಗೆದ್ದು ಬಂದ ಜಿಲ್ಲಾ ಪಂಚಾಯಿತಿಯಲ್ಲಿ ನಾನು ಶಿಕ್ಷಣ ಮತ್ತು ಆರೋಗ್ಯ ಸ್ಥಾಯಿ ಸಮಿತಿಯ ಸದಸ್ಯೆಯಾಗಿದ್ದೆ. ಇಂಥದೊಂದು ಸಮಿತಿ ಇದೆ ಎಂಬುದೇ ಅನೇಕರಿಗೆ ತಿಳಿಯದು. ಪಂಚಾಯತ್ ರಾಜ್ ಕಾಯ್ದೆಯಲ್ಲಿ ಜಿಲ್ಲಾ ಪಂಚಾಯಿತಿಗೆ ಹಣಕಾಸು, ಲೆಕ್ಕಪರಿಶೋಧನೆ ಮತ್ತು ಯೋಜನಾ ಸಮಿತಿ ಇದೆ, ಶಿಕ್ಷಣ ಮತ್ತು ಆರೋಗ್ಯಕ್ಕೆ ಬೇರೆಯೇ ಸಮಿತಿ ಇದೆ.

ನಮ್ಮ ಸಮಿತಿ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಭೇಟಿ ಕೊಟ್ಟಿತ್ತು. ಪ್ರಯೋಗಾಲಯದ ಕೋಣೆಯ ಮೂಲೆಯಲ್ಲಿ ರಕ್ತ ಪರೀಕ್ಷೆಯ ಯಂತ್ರ ಪ್ಯಾಕಿಂಗ್ ಬಿಚ್ಚದೆ ನಿಂತಿತ್ತು. ಮೇಲೆ ಲಸಿಕೆ ಕಾರ್ಡುಗಳ ಕಟ್ಟು ಇಟ್ಟಿದ್ದರು. ದಾಸ್ತಾನು ವಹಿಯಲ್ಲಿ ಯಂತ್ರ ಬಂದಿದೆ, ಸರಿ. ಖರೀದಿಯ ಬಿಲ್ಲು ಪಾವತಿಯಾಗಿದೆ, ಅದೂ ಸರಿ. ಹಣ ಖರ್ಚಾಗಿದೆ ಎಂಬ ಬಳಕೆ ಪ್ರಮಾಣಪತ್ರವೂ ಮೇಲಕ್ಕೆ ಹೋಗಿತ್ತು. ಯಾವ ಆಡಿಟರ್ ಬಂದರೂ ಆ ಕಡತದಲ್ಲಿ ತಪ್ಪು ಹುಡುಕಲಾರರು. ಇಲ್ಲದ್ದು ಲ್ಯಾಬ್ ಟೆಕ್ನಿಷಿಯನ್ ಮಾತ್ರ. ಆ ಹುದ್ದೆ ಖಾಲಿ ಇತ್ತು. ಗರ್ಭಿಣಿಯರು ಹಿಮೋಗ್ಲೋಬಿನ್ ನೋಡಿಸಲು ಬಸ್ ಹಿಡಿದು ತಾಲ್ಲೂಕಿನ ಖಾಸಗಿ ಲ್ಯಾಬಿಗೆ ಹೋಗುತ್ತಿದ್ದರು.

ಮುಂದಿನ ಸಭೆಯಲ್ಲಿ ಜಿಲ್ಲಾ ಆರೋಗ್ಯಾಧಿಕಾರಿಗಳನ್ನು ಕೇಳಿದೆವು. ಹುದ್ದೆ ಮಂಜೂರಾತಿ ಸರ್ಕಾರದ ಮಟ್ಟದಲ್ಲಿದೆ ಎಂದರು. ಹುದ್ದೆ ತುಂಬುವುದು ನಿಮ್ಮ ಕೈಯಲ್ಲಿಲ್ಲ, ಒಪ್ಪೋಣ. ಹತ್ತಿರದ ಎರಡು ಕೇಂದ್ರಗಳ ಟೆಕ್ನಿಷಿಯನ್ನನ್ನು ವಾರದಲ್ಲಿ ಕೆಲವು ದಿನ ಇಲ್ಲಿಗೆ ನಿಯೋಜಿಸುವುದು ನಿಮ್ಮ ಕೈಯಲ್ಲಿದೆಯಲ್ಲ ಎಂದು ಪಟ್ಟು ಹಿಡಿದೆವು. ಮಾತು ನಡವಳಿಯಲ್ಲಿ ದಾಖಲಾಯಿತು. ಅದರ ಮುಂದಿನ ಸಭೆಯಲ್ಲಿ ಕ್ರಮ ಕೈಗೊಂಡ ವರದಿ ಓದಲೇಬೇಕಾಯಿತು, ಓದಿದರು. ಯಂತ್ರ ಓಡಿತು. ವಿಧಾನಸೌಧದ ಯಾವ ಸಮಿತಿಗೂ ಆ ಕೋಣೆಯ ಮೂಲೆ ಕಾಣಿಸುವುದಿಲ್ಲ, ಕಾಣಬೇಕೆಂದು ನಿರೀಕ್ಷಿಸುವುದೂ ಸರಿಯಲ್ಲ.

ಈಗ ಆ ಕುರ್ಚಿಗಳು ನಾಲ್ಕು ವರ್ಷದಿಂದ ಖಾಲಿ. ಆಡಳಿತಾಧಿಕಾರಿಗಳು ಒಳ್ಳೆಯವರಿರಬಹುದು. ಆದರೆ ಅವರೇ ಖರ್ಚಿಗೆ ಮಂಜೂರಾತಿ ಕೊಡುವ ವ್ಯವಸ್ಥೆಯ ಭಾಗ. ಖರ್ಚು ಮಾಡುವವರೇ ಖರ್ಚಿನ ಕುರಿತು ಪ್ರಶ್ನೆ ಕೇಳಬೇಕೆಂದರೆ ಹೇಗಪ್ಪಾ?

ಧಾರವಾಡದ ವಕೀಲ
2 ಸೆಪ್ಟೆಂಬರ್ 2025

ಮೇಡಂ ಹೇಳಿದ್ದಕ್ಕೆ ಸಂವಿಧಾನದ ಬೆಂಬಲವಿದೆ. ಹನ್ನೊಂದನೇ ಅನುಸೂಚಿಯ 29 ವಿಷಯಗಳಲ್ಲಿ 23ನೆಯದು ಆರೋಗ್ಯ ಮತ್ತು ನೈರ್ಮಲ್ಯ. ಆಸ್ಪತ್ರೆ, ಪ್ರಾಥಮಿಕ ಆರೋಗ್ಯ ಕೇಂದ್ರ, ಔಷಧಾಲಯ ಎಂದು ಅದರಲ್ಲಿಯೇ ಬರೆದಿದೆ. ಪಂಚಾಯಿತಿಯ ಅವಧಿ ಮುಗಿಯುವ ಮೊದಲೇ ಚುನಾವಣೆ ಮುಗಿಯಬೇಕೆಂದು 243ಇ ವಿಧಿ ಹೇಳುತ್ತದೆ. ನಮ್ಮಲ್ಲಿ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರ ಬೇಸಿಗೆಯಲ್ಲಿ ಮುಗಿಯಿತು. ಅದೇ ವರ್ಷ ಕಾಯ್ದೆಗೆ ತಿದ್ದುಪಡಿ ತಂದು, ಕ್ಷೇತ್ರ ವಿಂಗಡಣೆಯ ಅಧಿಕಾರವನ್ನು ರಾಜ್ಯ ಚುನಾವಣಾ ಆಯೋಗದಿಂದ ತೆಗೆದು ಪ್ರತ್ಯೇಕ ಸೀಮಾ ನಿರ್ಣಯ ಆಯೋಗಕ್ಕೆ ಕೊಟ್ಟರು. ಆಮೇಲೆ ಮೀಸಲಾತಿ ಪಟ್ಟಿ, ಹೈಕೋರ್ಟ್, ಮತ್ತೆ ಕಾಲಾವಕಾಶ. ಆಗ ಇದ್ದದ್ದು ಒಂದು ಪಕ್ಷದ ಸರ್ಕಾರ, 2023ರ ಮೇ ನಂತರ ಇನ್ನೊಂದರದ್ದು. ಖಾಲಿ ಕುರ್ಚಿಯ ವಿಷಯದಲ್ಲಿ ಇಬ್ಬರಿಗೂ ಅವಸರವಿಲ್ಲ. ಬೆಂಗಳೂರಿನ ಪಾಲಿಕೆಯ ಕೌನ್ಸಿಲ್ ಅವಧಿ ಮುಗಿದದ್ದು 2020ರ ಸೆಪ್ಟೆಂಬರಿನಲ್ಲಿ, ಅಲ್ಲಿಯೂ ಇದೇ ಕಥೆ.

ಸದನದ ಸಮಿತಿಗಳನ್ನು ಬಲಪಡಿಸಿದರೆ ಸಾಕು ಎಂಬ ಮಾತಿಗೆ 2020ರ ಮೇ ತಿಂಗಳನ್ನು ನೆನಪಿಸುತ್ತೇನೆ. ಕೋವಿಡ್ ಸಲಕರಣೆ ಖರೀದಿಯ ಬಗ್ಗೆ ಆಗಿನ ಸಾರ್ವಜನಿಕ ಲೆಕ್ಕಪತ್ರಗಳ ಸಮಿತಿಯ ಅಧ್ಯಕ್ಷ ಎಚ್.ಕೆ. ಪಾಟೀಲರು ಸ್ಥಳ ಪರಿಶೀಲನೆಗೆ ಹೊರಟರು. ಸಭಾಧ್ಯಕ್ಷ ವಿಶ್ವೇಶ್ವರ ಹೆಗಡೆ ಕಾಗೇರಿಯವರು ಕೋವಿಡ್ ಪರಿಸ್ಥಿತಿಯ ಕಾರಣಕ್ಕೆ ಸಮಿತಿಗಳ ಪ್ರವಾಸ, ಪರಿಶೀಲನೆಗಳನ್ನು ತಡೆದು ಆದೇಶ ಹೊರಡಿಸಿದರು. ಸಿಎಜಿ ವರದಿ ಬರುವ ಮೊದಲೇ ಸಮಿತಿ ತಾನಾಗಿ ವಿಷಯವನ್ನು ಕೈಗೆತ್ತಿಕೊಳ್ಳಬಹುದೇ ಎಂಬ ವಾದವೂ ಎದ್ದಿತು. ವಾದ ಯಾವ ಕಡೆ ತೂಗಿದರೂ ಖರೀದಿ ನಿಲ್ಲಲಿಲ್ಲ. ಅದೇ ಖರೀದಿಗಳ ವಿಚಾರಣೆಗೆ ನ್ಯಾಯಮೂರ್ತಿ ಜಾನ್ ಮೈಕೆಲ್ ಡಿ'ಕುನ್ಹ ಅವರ ಆಯೋಗ ನೇಮಕವಾದದ್ದು 2023ರಲ್ಲಿ, ಅದರ ಮೊದಲ ವರದಿ ಬಂದದ್ದು 2024ರ ಆಗಸ್ಟ್ ಕೊನೆಗೆ. ಆರೋಪ ನಿಜವೋ ಸುಳ್ಳೋ ಎಂಬುದು ಇಲ್ಲಿಯ ಚರ್ಚೆಯಲ್ಲ. ಕೇಳಬೇಕಾದ ದಿನ ಕೇಳುವ ಸಮಿತಿಗೆ ದಾರಿ ಇರಲಿಲ್ಲ ಎಂಬುದು ನನ್ನ ಮಾತು.

ಇನ್ನೊಂದು ತೊಡಕನ್ನು ಯಾರೂ ಹೇಳಲಿಲ್ಲ. ಒಬ್ಬ ಬಾಣಂತಿಯ ಹಾಸಿಗೆಯ ಪಕ್ಕದಲ್ಲಿ ನಿಂತು ನೋಡಿ. ಜಿಲ್ಲಾ ಆಸ್ಪತ್ರೆ ಆರೋಗ್ಯ ಇಲಾಖೆಯದ್ದು, ಅದರ ಖರ್ಚು ಲೆಕ್ಕಪತ್ರ ಸಮಿತಿಯ ವ್ಯಾಪ್ತಿಗೆ ಬರುತ್ತದೆ. ಕೈಗೆ ಹಾಕಿದ ಡ್ರಿಪ್ ಕೊಂಡದ್ದು ವೈದ್ಯಕೀಯ ಸರಬರಾಜು ನಿಗಮ. ಅದು ಕಂಪನಿಯಾದ್ದರಿಂದ ಸಾರ್ವಜನಿಕ ಉದ್ದಿಮೆಗಳ ಸಮಿತಿಯ ವ್ಯಾಪ್ತಿ. ಅವಳನ್ನು ಅಲ್ಲಿಗೆ ಕಳುಹಿಸಿದ ಪ್ರಾಥಮಿಕ ಆರೋಗ್ಯ ಕೇಂದ್ರ ಜಿಲ್ಲಾ ಪಂಚಾಯಿತಿಯದ್ದು, ಅದಕ್ಕೆ ಸ್ಥಳೀಯ ಸಂಸ್ಥೆಗಳ ಸಮಿತಿ. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಐವರು ಬಾಣಂತಿಯರು ಸತ್ತರು. ಡ್ರಿಪ್‌ನಲ್ಲಿ ಕೊಡುವ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಗುಣಮಟ್ಟದ ಮೇಲೆ ಅನುಮಾನ ಬಿತ್ತು, ಡ್ರಗ್ಸ್ ಕಂಟ್ರೋಲರ್ ಅಮಾನತಾದರು, ಬೆಳಗಾವಿ ಅಧಿವೇಶನದಲ್ಲಿ ಗಂಟೆಗಟ್ಟಲೆ ಚರ್ಚೆಯಾಯಿತು. ಹೆಣ ಬಿದ್ದ ಮೇಲೆ ಸದನ ಮಾತನಾಡಿತು. ಆ ದ್ರಾವಣದ ಖರೀದಿ, ಪರೀಕ್ಷೆ, ದಾಸ್ತಾನು, ಬಳಕೆ ಎಂಬ ಇಡೀ ಸರಪಣಿಯನ್ನು ವರ್ಷವಿಡೀ ನೋಡುವ ಒಂದೇ ಒಂದು ಸಮಿತಿ ನಮ್ಮಲ್ಲಿ ಇಲ್ಲ. ಕೇರಳದ ವಿಧಾನಸಭೆಯಲ್ಲಿ ವಿಷಯವಾರು ಸಮಿತಿಗಳಿವೆ, ಬಜೆಟ್‌ನಲ್ಲಿ ಇಲಾಖೆಗಳ ಅನುದಾನದ ಬೇಡಿಕೆಗಳು ಮತಕ್ಕೆ ಹೋಗುವ ಮೊದಲು ಅವುಗಳ ಮುಂದೆ ಬರುತ್ತವೆ. ಅಲ್ಲಿಯೂ ಎಲ್ಲ ಸರಿಯಿದೆ ಎಂದಲ್ಲ. ಆದರೆ ಆರೋಗ್ಯದ ಬಜೆಟ್ಟನ್ನು ಯಾರೋ ಕೆಲವರು ಕುಳಿತು ಓದುತ್ತಾರೆ.

ಮಲೆನಾಡಿಗ
2 ಸೆಪ್ಟೆಂಬರ್ 2025

ಬಜೆಟ್ ಮಾತು ಬಂದದ್ದರಿಂದ ಒಂದು ಲೆಕ್ಕ. 2025-26ರ ರಾಜ್ಯ ಬಜೆಟ್‌ನ ಒಟ್ಟು ಗಾತ್ರ 4,09,549 ಕೋಟಿ. ಆರೋಗ್ಯ ಮತ್ತು ಕುಟುಂಬ ಕಲ್ಯಾಣಕ್ಕೆ ತೋರಿಸಿದ್ದು 17,473 ಕೋಟಿ. ಶೇ 4ಕ್ಕಿಂತ ತುಸು ಹೆಚ್ಚು. ರಾಜ್ಯಗಳು ತಮ್ಮ ಬಜೆಟ್‌ನ ಶೇ 8ಕ್ಕಿಂತ ಹೆಚ್ಚನ್ನು ಆರೋಗ್ಯಕ್ಕೆ ಕೊಡಬೇಕೆಂದು 2017ರ ರಾಷ್ಟ್ರೀಯ ಆರೋಗ್ಯ ನೀತಿ ಹೇಳಿತ್ತು, ಅದಕ್ಕೆ ಗಡುವು 2020. ಕಾವಲಿನ ಮಾತಿಗಿಂತ ಮೊದಲು ಕಾಯಲು ಇರುವ ಹಣವೇ ಅರ್ಧ ಎಂಬುದನ್ನು ಮರೆಯಬೇಡಿ.

ಹಳೇ ಲೆಕ್ಕಿಗ
2 ಸೆಪ್ಟೆಂಬರ್ 2025

ಮಲೆನಾಡಿಗರೇ, ಹೌದು. ಅದರ ಜೊತೆಗೆ ಕೊಟ್ಟ ಹಣ ಯಾವಾಗ ಕೈ ಸೇರಿತು ಎಂಬುದನ್ನೂ ನೋಡಬೇಕು. ಮಾರ್ಚ್ ಕೊನೆಯ ವಾರದಲ್ಲಿ ಬಿಡುಗಡೆಯಾದ ಹಣ ಪುಸ್ತಕದಲ್ಲಿ ಆ ವರ್ಷದ ಖರ್ಚು. ನಿಜವಾಗಿ ಅದು ಬ್ಯಾಂಕ್ ಖಾತೆಯಲ್ಲಿ ನಿಂತಿರುತ್ತದೆ. ನಿಂತ ಹಣಕ್ಕೆ ಬಡ್ಡಿ ಬರುತ್ತದೆ, ಬಡ್ಡಿ ಯಾರಿಗೆ ಎಂಬುದು ಮತ್ತೊಂದು ಕಂಡಿಕೆ. ಬಜೆಟ್ ಜೊತೆ ಬರುವ ಲಿಂಕ್ ಡಾಕ್ಯುಮೆಂಟಿನಲ್ಲಿ ನಿಮ್ಮ ಜಿಲ್ಲಾ ಪಂಚಾಯಿತಿಗೆ ಆರೋಗ್ಯದ ಯಾವ ಶೀರ್ಷಿಕೆಯಲ್ಲಿ ಎಷ್ಟು ಇಟ್ಟಿದ್ದಾರೆಂದು ಸಿಗುತ್ತದೆ. ಹಣಕಾಸು ಇಲಾಖೆಯ ಜಾಲತಾಣದಲ್ಲಿದೆ. ದಯವಿಟ್ಟು ಓದಿ. ನನ್ನ ಅನುಭವದಲ್ಲಿ ಶಾಸಕರಲ್ಲಿಯೂ ಅದನ್ನು ತೆರೆದು ನೋಡುವವರು ವಿರಳ.

ಆಶಾ ಸಹೋದರಿ
3 ಸೆಪ್ಟೆಂಬರ್ 2025

ದೊಡ್ಡ ಮೊತ್ತಗಳ ನಡುವೆ ಚಿಕ್ಕ ಮೊತ್ತದ ಮಾತು ಆಡುತ್ತೇನೆ, ತಪ್ಪು ತಿಳಿಯಬೇಡಿ. ಪ್ರತಿ ಊರಿಗೆ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿ ಇದೆ. ವರ್ಷಕ್ಕೆ 10,000 ರೂಪಾಯಿ ಮುಕ್ತ ನಿಧಿ. ಪಂಚಾಯಿತಿ ಸದಸ್ಯರು ಅಧ್ಯಕ್ಷರು, ಆಶಾ ಕಾರ್ಯಕರ್ತೆ ಸದಸ್ಯ ಕಾರ್ಯದರ್ಶಿ. ಖಾತೆ ಇಬ್ಬರ ಹೆಸರಿನಲ್ಲಿ.

ನಮ್ಮಲ್ಲಿ ಆ ಹಣ ಮಳೆಗಾಲಕ್ಕೆ ಮುಂಚೆ ಬರಬೇಕು, ಏಕೆಂದರೆ ಡೆಂಗಿ ಬರುವುದು ಆಗ. ತೊಟ್ಟಿ ಸ್ವಚ್ಛ ಮಾಡಿಸಬೇಕು, ಬ್ಲೀಚಿಂಗ್ ಪುಡಿ ತರಬೇಕು, ಚರಂಡಿಯ ಕಟ್ಟು ಬಿಡಿಸಬೇಕು. ಹಣ ಬರುವುದು ವರ್ಷದ ಕೊನೆಗೆ. ಬಂದ ಕೂಡಲೇ ಬಳಕೆ ಪ್ರಮಾಣಪತ್ರ ಕೊಡಿ ಎಂದು ಮೇಲಿನಿಂದ ಫೋನ್. ಖರ್ಚು ಮಾಡದೆ ಹೇಗೆ ಕೊಡಲಿ? ಅಧ್ಯಕ್ಷರ ಸಹಿ ಬೇಕು, ಅವರು ಸಿಗುವುದಿಲ್ಲ. ಸಿಕ್ಕರೆ ಮೊದಲು ತಮ್ಮ ಓಣಿಯ ಚರಂಡಿ ಮಾಡಿಸು ಎನ್ನುತ್ತಾರೆ. ನಾನು ಕೈಯಿಂದ ಹಾಕಿ ತಂದ ಪುಡಿಯ ಬಿಲ್ಲಿನಲ್ಲಿ ಅಂಗಡಿಯ ಜಿಎಸ್‌ಟಿ ಸಂಖ್ಯೆ ಇಲ್ಲವೆಂದು ಆಡಿಟ್‌ನಲ್ಲಿ ತಳ್ಳಿಹಾಕಿದರು. ಲೆಕ್ಕಿಗ ಸರ್, ಹಳ್ಳಿಯ ಕಿರಾಣಿ ಅಂಗಡಿಯವನ ಬಳಿ ಆ ಸಂಖ್ಯೆ ಎಲ್ಲಿಂದ ಬರಬೇಕು?

ನಮ್ಮನ್ನು ಕೇಳುವವರು ಬೇಕಾದಷ್ಟು ಜನ ಇದ್ದಾರೆ. ನಮ್ಮ ಪರವಾಗಿ ಮೇಲೆ ಕೇಳುವವರು ಯಾರೂ ಇಲ್ಲ. ಹಣ ಏಕೆ ತಡವಾಯಿತು ಎಂದು ಯಾವ ಆಡಿಟ್‌ನಲ್ಲೂ ಬರೆಯುವುದನ್ನು ನಾನು ನೋಡಿಲ್ಲ.

ಹಳೇ ಲೆಕ್ಕಿಗ
3 ಸೆಪ್ಟೆಂಬರ್ 2025

ಅಮ್ಮಾ, ನಿಮ್ಮ ಮಾತು ನ್ಯಾಯ. ಚಿಲ್ಲರೆ ಖರೀದಿಗೆ ಸಮಿತಿಯ ನಿರ್ಣಯದ ಪ್ರತಿ, ಅಂಗಡಿಯವರ ಸಹಿ ಇರುವ ಸ್ವೀಕೃತಿ, ಇಬ್ಬರು ಸದಸ್ಯರ ದೃಢೀಕರಣ ಇಟ್ಟುಕೊಂಡು ಮತ್ತೆ ಅನುಪಾಲನೆ ಸಲ್ಲಿಸಿ. ಆಕ್ಷೇಪಣೆಯಲ್ಲಿ ಇಟ್ಟದ್ದು ವಸೂಲಾತಿಯಲ್ಲ, ಬಿಡಿಸಿಕೊಳ್ಳಬಹುದು. ಹಣ ತಡವಾಗಿ ಬಂದ ದಿನಾಂಕವನ್ನು ಪಾಸ್ ಪುಸ್ತಕದಿಂದ ತೆಗೆದು ಅದೇ ಪತ್ರದಲ್ಲಿ ಬರೆಯಿರಿ. ಬರವಣಿಗೆಯಲ್ಲಿ ಇದ್ದರೆ ಮುಂದೆ ತಪಾಸಣೆಗೆ ಬರುವವರು ಅದನ್ನು ಕಡೆಗಣಿಸುವುದು ಕಷ್ಟ.

ಬರ್ಮಿಂಗ್‌ಹ್ಯಾಮ್ ಕನ್ನಡಿಗ
4 ಸೆಪ್ಟೆಂಬರ್ 2025

ದೂರದಿಂದ ಓದುತ್ತಿದ್ದೇನೆ, ಹುಟ್ಟೂರು ದಾವಣಗೆರೆ. ನಾನಿರುವ ನಗರದ ಕೌನ್ಸಿಲ್ 2023ರ ಸೆಪ್ಟೆಂಬರಿನಲ್ಲಿ, ಕಡ್ಡಾಯ ಸೇವೆಗಳ ಹೊರತು ಹೊಸ ಖರ್ಚು ಮಾಡಲಾರೆವು ಎಂದು ಘೋಷಿಸಿತು. ಇಂಗ್ಲೆಂಡಿನಲ್ಲಿ 2013ರಿಂದ ಸಾರ್ವಜನಿಕ ಆರೋಗ್ಯದ ಹೊಣೆ, ಅದಕ್ಕೆ ಮೀಸಲಾದ ಅನುದಾನ ಎರಡೂ ಕೌನ್ಸಿಲ್‌ಗಳ ಬಳಿ ಇವೆ. ಚುನಾಯಿತ ಸದಸ್ಯರ ಆರೋಗ್ಯ ಪರಿಶೀಲನಾ ಸಮಿತಿಗಳೂ ಇವೆ. ಆದರೆ ಸ್ಥಳೀಯ ಸಂಸ್ಥೆಗಳ ಲೆಕ್ಕ ನೋಡುತ್ತಿದ್ದ ಆಡಿಟ್ ಕಮಿಷನ್ನನ್ನು 2015ರಲ್ಲಿ ಮುಚ್ಚಿ ಕೆಲಸವನ್ನು ಖಾಸಗಿ ಸಂಸ್ಥೆಗಳಿಗೆ ಬಿಟ್ಟರು. 2022-23ರ ಲೆಕ್ಕಕ್ಕೆ ಗಡುವಿನೊಳಗೆ ಆಡಿಟ್ ಮುಗಿದದ್ದು 467 ಸಂಸ್ಥೆಗಳಲ್ಲಿ ಐದರದ್ದು ಮಾತ್ರ. ಚುನಾಯಿತರು ಇದ್ದರೂ ಅವರ ಕೈಯಲ್ಲಿ ತಪಾಸಣೆಯಾದ ಲೆಕ್ಕ ಇಲ್ಲದಿದ್ದರೆ ಪ್ರಶ್ನೆ ಕೇಳಲು ಹಿಡಿತವೇ ಸಿಗುವುದಿಲ್ಲ ಎಂಬುದನ್ನು ಇಲ್ಲಿ ಕಣ್ಣಾರೆ ಕಂಡೆ. ಮಾಜಿ ಸದಸ್ಯೆಯವರ ಮಾತೂ ಬೇಕು, ಲೆಕ್ಕಿಗರ ಮಾತೂ ಬೇಕು. ನಿಮ್ಮಲ್ಲಿ ಆಡಿಟ್ ಇಲಾಖೆ ಇನ್ನೂ ಸರ್ಕಾರದ ಕೈಯಲ್ಲಿದೆ. ಖಾಲಿ ಹುದ್ದೆ ತುಂಬಿ ಅದನ್ನು ಉಳಿಸಿಕೊಳ್ಳಿ.

ಬಯಲುಸೀಮೆ
4 ಸೆಪ್ಟೆಂಬರ್ 2025

ಎಲ್ಲರ ಮಾತು ಓದಿದೆ. ಮಾಜಿ ಸದಸ್ಯೆಯವರಂಥವರು ಇದ್ದ ಸಮಿತಿಯಲ್ಲಿ ಯಂತ್ರ ಓಡಿರಬಹುದು, ಎಲ್ಲ ಜಿಲ್ಲೆಗಳಲ್ಲೂ ಅಂಥವರು ಇರಲಿಲ್ಲ. ಚುನಾವಣೆ ನಡೆಯಬೇಕೆಂಬುದಕ್ಕೆ ನನ್ನ ವಿರೋಧವಿಲ್ಲ, ಅದು ಸಂವಿಧಾನದ ಮಾತು. ನನ್ನ ಹಟ ಒಂದೇ: ಸ್ಥಾಯಿ ಸಮಿತಿಯ ನಡವಳಿ, ಭೇಟಿ ವರದಿ, ಕ್ರಮ ಕೈಗೊಂಡ ವರದಿ ಮೂರನ್ನೂ ಸಭೆ ಮುಗಿದ ಕೂಡಲೇ ಜಾಲತಾಣಕ್ಕೆ ಹಾಕಬೇಕು. ಮುಚ್ಚಿದ ಬಾಗಿಲ ಹಿಂದಿನ ಸಭೆಯಾದರೆ ಪಾಲು ಹಂಚಿಕೆಯೇ ಆಗುತ್ತದೆ. ಮಾಹಿತಿ ಹಕ್ಕು ಕಾಯ್ದೆಯ 4ನೇ ಪ್ರಕರಣ ಅರ್ಜಿ ಇಲ್ಲದೆಯೇ ಮಾಹಿತಿ ಪ್ರಕಟಿಸಲು ಹೇಳುತ್ತದೆ. ಪಾಲಿಸುವವರು ಎಲ್ಲಿದ್ದಾರೆ?

ಮಾಜಿ ಸದಸ್ಯೆ
4 ಸೆಪ್ಟೆಂಬರ್ 2025

ಬಯಲುಸೀಮೆಯವರೇ, ಆ ಹಟಕ್ಕೆ ನನ್ನ ಸಹಿಯೂ ಇದೆ. ನಮ್ಮ ನಡವಳಿ ಪುಸ್ತಕಗಳು ಈಗ ಯಾವ ಕಪಾಟಿನಲ್ಲಿವೆಯೋ ತಿಳಿಯದು. ಜಾಲತಾಣದಲ್ಲಿ ಇದ್ದಿದ್ದರೆ ಆಮೇಲೆ ಬಂದ ಅಧಿಕಾರಿಗಳಿಗೂ ಒಂದು ಅಂಕುಶವಾಗುತ್ತಿತ್ತು.

ಹಿರಿಯರು ಹೇಳುವುದನ್ನು ಒಂದು ಮಾತಿನಲ್ಲಿ ಸೇರಿಸುತ್ತೇನೆ. ಆಗಿನ ಪಂಚಾಯತ್ ರಾಜ್ ಸಚಿವ ಅಬ್ದುಲ್ ನಜೀರ್ ಸಾಬರು ರೂಪಿಸಿದ 1983ರ ಕಾಯ್ದೆಯಂತೆ 1987ರಲ್ಲಿ ಜಿಲ್ಲಾ ಪರಿಷತ್ತುಗಳು (ಇಂದಿನ ಜಿಲ್ಲಾ ಪಂಚಾಯಿತಿಯ ಹಿಂದಿನ ರೂಪ) ಬಂದಾಗ ವೈದ್ಯರು, ಶಿಕ್ಷಕರು ಕೆಲಸದ ಜಾಗದಲ್ಲಿ ಸಿಗತೊಡಗಿದರು ಎಂದು ನಮ್ಮ ತಂದೆ ನೆನೆಯುತ್ತಿದ್ದರು. ಐದು ವರ್ಷ ಮುಗಿದ ಮೇಲೆ ಅಲ್ಲಿಗೂ ಆಡಳಿತಾಧಿಕಾರಿಗಳೇ ಬಂದರು. ಹೊಸ ಕಾಯ್ದೆಯ ಜಿಲ್ಲಾ ಪಂಚಾಯಿತಿಗೆ ಚುನಾವಣೆ ನಡೆದದ್ದು 1995ರಲ್ಲಿ. ಖಾಲಿ ಬಿಡುವ ಅಭ್ಯಾಸ ಹೊಸದಲ್ಲ.

ತುಂಗಾತೀರ
5 ಸೆಪ್ಟೆಂಬರ್ 2025

ಎಲ್ಲರಿಗೂ ಕೃತಜ್ಞತೆಗಳು. ನನಗೆ ಈಗ ದಾರಿ ಕಾಣುತ್ತಿದೆ. ಶಾಸಕರು 'ಸಮಿತಿ ನೋಡಿಕೊಳ್ಳುತ್ತದೆ' ಎಂದರೆ ಯಾವ ಸಮಿತಿ ಎಂದು ಹೆಸರಿಟ್ಟು ಕೇಳುತ್ತೇನೆ. ಜಿಲ್ಲಾ ಪಂಚಾಯಿತಿ ಚುನಾವಣೆ ಏಕಿಲ್ಲ ಎಂಬುದನ್ನು ಗ್ರಾಮ ಸಭೆಯ ನಿರ್ಣಯವಾಗಿ ಬರೆಸಿ ಕಳುಹಿಸುವುದು ನಮ್ಮೂರಿನವರ ತೀರ್ಮಾನ. ಅದು ಕಸದ ಬುಟ್ಟಿಗೆ ಹೋದರೂ ನಡವಳಿಯಲ್ಲಿ ಉಳಿಯುತ್ತದೆ.

ಲೆಕ್ಕಿಗ ಸರ್, ಜಮಾಬಂದಿ ದಿನ ಯಾವ ದಾಖಲೆ ಕೇಳಬೇಕೆಂದು ಸರಳವಾಗಿ ಹೇಳಿದರೆ ಮುದ್ರಿಸಿ ಹಂಚುತ್ತೇವೆ. ಕಳೆದ ಸಲ ಜಮಾಬಂದಿ ಅಧಿಕಾರಿಗಳು ಹಾಳೆ ಓದಿ, ಚಹಾ ಕುಡಿದು ಹೊರಟರು, ನಮಗೆ ಏನು ಕೇಳಬೇಕೆಂದೇ ಹೊಳೆಯಲಿಲ್ಲ.

ಹಳೇ ಲೆಕ್ಕಿಗ
5 ಸೆಪ್ಟೆಂಬರ್ 2025

ಜಮಾಬಂದಿ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ ಮುಗಿಯಬೇಕು. ನಿಮಗೆ ಸಮಯ ಕಡಿಮೆ ಇದೆ. ಇಂದೇ ಪಿಡಿಒಗೆ ಪತ್ರ ಕೊಟ್ಟು ದಾಖಲೆಗಳನ್ನು ಸಭೆಯಲ್ಲಿ ಮೇಜಿನ ಮೇಲೆ ಇಡಲು ಕೇಳಿ, ಸ್ವೀಕೃತಿ ಪಡೆಯಿರಿ.

ಮೊದಲು ಕರ ವಸೂಲಿ ವಹಿಯಲ್ಲಿ ಆರೋಗ್ಯ ಕರದ ಕಾಲಂ, ಅದರ ಎದುರಿಗೆ ಖಜಾನೆಗೆ ಜಮೆಯಾದ ಚಲನ್. ಎರಡೂ ಹೊಂದುತ್ತವೆಯೇ ನೋಡಿ. ನಂತರ 15ನೇ ಹಣಕಾಸು ಆಯೋಗದ ಅನುದಾನ. ಅದರ ಶೇ 60 ಕುಡಿಯುವ ನೀರು, ನೈರ್ಮಲ್ಯಕ್ಕೆ ನಿರ್ಬಂಧಿತ. ಆ ಕಾಮಗಾರಿಗಳ ಪಟ್ಟಿ ತೆಗೆದುಕೊಂಡು ಅಧಿಕಾರಿಗಳ ಜೊತೆ ಸ್ಥಳಕ್ಕೆ ನಡೆಯಿರಿ. ಕಾಮಗಾರಿಗಳನ್ನು ಸ್ಥಳದಲ್ಲೇ ನೋಡುವುದು ಜಮಾಬಂದಿಯ ಭಾಗವೇ, ಓದಿ ಮುಗಿಸಲು ಬಿಡಬೇಡಿ. ನೀರಿನ ಮಾದರಿ ಪರೀಕ್ಷೆಯ ವರದಿ ಕೇಳಿ. ಬಾಕಿ ಇರುವ ಆಡಿಟ್ ಕಂಡಿಕೆಗಳ ಪಟ್ಟಿ ಕೇಳಿ, ಯಾವ ವರ್ಷದ್ದು ಎಂದು ಬರೆದುಕೊಳ್ಳಿ. ಆರೋಗ್ಯ ರಕ್ಷಾ ಸಮಿತಿಯ ಖಾತೆ ಪಂಚಾಯಿತಿಯದ್ದಲ್ಲ, ಅದು ಜಮಾಬಂದಿಯಲ್ಲಿ ಬರುವುದಿಲ್ಲ. ಅದಕ್ಕೆ ವೈದ್ಯಾಧಿಕಾರಿಗಳಿಗೆ ಬೇರೆ ಪತ್ರ ಬರೆಯಿರಿ. ವರ್ಷಕ್ಕೆ 1.75 ಲಕ್ಷದ ವರೆಗೆ ಬರುವ ಖಾತೆ ಅದು, ಸಮಿತಿಯ ಸಭೆ ಕೊನೆಯ ಬಾರಿ ಯಾವಾಗ ಸೇರಿತ್ತು ಎಂಬುದನ್ನು ಮೊದಲು ಕೇಳಿ.

ಸದನದ ಸಮಿತಿಗೆ ಬರೆಯುವುದಿದ್ದರೆ ವಿಧಾನಸಭೆಯ ಸಚಿವಾಲಯದ ವಿಳಾಸಕ್ಕೆ, ಸಮಿತಿಯ ಅಧ್ಯಕ್ಷರ ಹೆಸರಿಗಲ್ಲ, ಹುದ್ದೆಗೆ ಬರೆಯಿರಿ. ದೂರು ಎಂದು ಬರೆಯಬೇಡಿ. ಕಂಡಿಕೆಯ ಸಂಖ್ಯೆ, ವರ್ಷ, ಮೊತ್ತ, ಅನುಪಾಲನೆ ಬಂದಿಲ್ಲ ಎಂಬ ನಾಲ್ಕು ಸಾಲು ಸಾಕು.

ಆಶಾ ಸಹೋದರಿ
5 ಸೆಪ್ಟೆಂಬರ್ 2025

ಸರ್, ಆರೋಗ್ಯ ರಕ್ಷಾ ಸಮಿತಿಗೆ ಬರೆಯುವ ಪತ್ರದ ಮಾದರಿ ಒಂದು ಹಾಕುತ್ತೀರಾ? ನಮ್ಮ ಉಪಕೇಂದ್ರದ ಹೆಣ್ಣುಮಕ್ಕಳ ಸಂಘದವರೂ ಕಳುಹಿಸಬೇಕೆನ್ನುತ್ತಿದ್ದಾರೆ.